ಜೌಗಿನ ಮೇಲಿನ ಹಲಗೆ ಹಾದಿಯನ್ನು ‘ಸಂಕ’ ಎನ್ನಬಹುದೇ?

ಬಲ್ಲವರಿಗೆ ನಮಸ್ಕಾರ.

ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯ ಜೌಗುನೆಲದಲ್ಲಿ ಸಿಕ್ಕ ‘ಸ್ವೀಟ್ ಟ್ರ್ಯಾಕ್’ ಎಂಬ ಪ್ರಾಚೀನ ಹಲಗೆ ಹಾದಿಯ ಬಗ್ಗೆ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ‘ಸ್ವೀಟ್’ ಅನ್ನು ‘ಸಿಹಿ’ ಎನ್ನುವ ಹಾಗಿಲ್ಲ. 1970ರಲ್ಲಿ ಪೀಟ್ (ಜೌಗಿನ ಗಿಡಗಳು ಅರೆಕೊಳೆತು ಆದ ಕಪ್ಪು ಮಣ್ಣು) ತೆಗೆಯುವ ಜಾಗದಲ್ಲಿ ಅದನ್ನು ಮೊದಲು ಕಂಡ ರೇ ಸ್ವೀಟ್ ಅವರ ಹೆಸರು ಅದು. ನನ್ನ ತೊಡಕೆಲ್ಲ ‘ಟ್ರ್ಯಾಕ್’ ಎಂಬಲ್ಲಿ.

‘ರಸ್ತೆ’ ಎಂದರೆ ಓದುವ ಮಗುವಿನ ಕಣ್ಣಿಗೆ ಎತ್ತಿನ ಗಾಡಿಯಾದರೂ ಬರುತ್ತದೆ. ಇದು ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ. ಕಟ್ಟಿದ ಬಗೆ ನೋಡಿ: ಕೆಸರಿನ ಮೇಲೆ ಉದ್ದನೆಯ ಗಳುಗಳನ್ನು ಸಾಲಾಗಿ ಮಲಗಿಸಿದರು. ಎರಡೂ ಬದಿಯಿಂದ ಗೂಟಗಳನ್ನು ಓರೆಯಾಗಿ ಬಡಿದರು. ಗಳುವಿನ ಮೇಲೆ ಅವು ಕತ್ತರಿಯಂತೆ ಒಂದನ್ನೊಂದು ಹಾಯ್ದವು. ಆ ಕತ್ತರಿಯ ಬಾಯಲ್ಲಿ ಓಕ್ ಹಲಗೆ ಕುಳಿತಿತು. ಗರಗಸವಿಲ್ಲ, ಲೋಹವೇ ಇಲ್ಲ, ಕಲ್ಲಿನ ಕೊಡಲಿ ಮತ್ತು ಬೆಣೆ ಅಷ್ಟೇ. ಮರದ ಉಂಗುರಗಳ ಲೆಕ್ಕದಂತೆ ಅದು ಕ್ರಿ.ಪೂ. 3807-3806ರ ಕೆಲಸ. ಇಂಥ ಕೈಚಳಕವನ್ನು ‘ಮರದ ದಾರಿ’ ಎಂದು ಹೇಳಿ ಮುಗಿಸಲು ನನಗೆ ಮನಸ್ಸು ಬರುತ್ತಿಲ್ಲ.

‘ಒಡ್ಡು’, ‘ಏರಿ’ ಎರಡೂ ಮಣ್ಣಿನವು, ಬಿಟ್ಟೆ. ಉಳಿದದ್ದು ಕರಾವಳಿ, ಮಲೆನಾಡಿನ ‘ಸಂಕ’, ಅಂದರೆ ಕಿರುಸೇತುವೆ. ಉಡುಪಿಯ ಕಲ್ಸಂಕ ಎಂಬ ಹೆಸರಿನಲ್ಲಿ ಅದು ಇಂದಿಗೂ ದಿನವೂ ಬಾಯಿಗೆ ಬರುತ್ತದೆ. ಸಂಸ್ಕೃತದ ‘ಸಂಕ್ರಮ’ಕ್ಕೂ ದಾಟುವುದು, ಸೇತುವೆ ಎಂಬ ಅರ್ಥಗಳಿವೆ. ಆದರೆ ನಾವು ಕಂಡ ಕಾಲುಸಂಕ ತೊರೆಗೆ ಅಡ್ಡವಾಗಿರುತ್ತದೆ, ನಾಲ್ಕು ಹೆಜ್ಜೆಗೆ ಆಚೆ ದಡ. ಇದು ಹೆಚ್ಚುಕಡಿಮೆ ಎರಡು ಕಿಲೋಮೀಟರ್ ಉದ್ದ. ಹಾಗಿದ್ದರೂ ಇದರ ಕೆಲಸ ದಾಟಿಸುವುದೇ: ಪೋಲ್ಡನ್ ದಿಣ್ಣೆಯ ಬದಿಯಿಂದ ಜೌಗಿನ ನಡುವಿದ್ದ ವೆಸ್ಟ್‌ಹೇ ಎಂಬ ನಡುಗಡ್ಡೆಗೆ. ಆದ್ದರಿಂದ ‘ಸಂಕದಾರಿ’ ಎಂದು ಬರೆದಿಟ್ಟಿದ್ದೇನೆ. ಕಿವಿಗೆ ಒಗ್ಗುತ್ತದೆಯೇ?

ಇನ್ನೊಂದು ಮಾತು. ಮಳೆಗಾಲದಲ್ಲಿ ತೋಟದ ಹಾದಿ ಕಾಲು ಹೂಳುವಷ್ಟು ಹುದುಲಾದಾಗ ಅಜ್ಜಿಯ ಮನೆಯಲ್ಲಿ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಹಾಸುತ್ತಿದ್ದರು. ಒದ್ದೆ ದಬ್ಬೆ ಕಾಲಡಿಯಲ್ಲಿ ತುಸು ಕುಸಿದು, ಅಂಚಿನಿಂದ ಕೆಸರುನೀರು ಪಿಚಕ್ಕನೆ ಚಿಮ್ಮುತ್ತಿತ್ತು. ‘ದಬ್ಬೆ ಹಾಸಿದೆ, ಅದರ ಮೇಲೆ ಬಾ’ ಎನ್ನುತ್ತಿದ್ದರೇ ಹೊರತು ಆ ಹಾದಿಗೆ ಬೇರೆ ಹೆಸರು ಹೇಳಿದ್ದು ನೆನಪಿಲ್ಲ. ತೀರ್ಥಹಳ್ಳಿ, ಸಿರಸಿ, ಸುಳ್ಯದ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಅಂಥ ಹೆಸರೊಂದು ಬಳಕೆಯಲ್ಲಿದ್ದರೆ ‘ಸಂಕದಾರಿ’ಯನ್ನು ಹೊಡೆದುಹಾಕಿ ಅದನ್ನೇ ಬರೆಯುತ್ತೇನೆ.