ಬಡತನದ ನಡುವೆ ಬೆಳೆಯುವ ಹುಡುಗನ ಕತೆಯಲ್ಲಿ ಒಳತೋಟಿಯನ್ನು ತರುವುದು ಹೇಗೆ?

ತುಂಗಾತೀರ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸೀಮೆಯ ಹತ್ತನೇ ತರಗತಿಯ ಹುಡುಗನೊಬ್ಬನನ್ನು ಕುರಿತು ಸಣ್ಣಕತೆ ಬರೆಯುತ್ತಿದ್ದೇನೆ. ತಂದೆ ತೀರಿಕೊಂಡಿದ್ದಾರೆ, ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ಕಾಲದಲ್ಲಿ ತಾಯಿ ತೋಟದವರ ಮನೆಗೆ ರಾತ್ರಿ ಅಡಿಕೆ ಸುಲಿಯಲು ಹೋಗುತ್ತಾಳೆ. ಸೋರುವ ಸೂರು, ಅರೆಹೊಟ್ಟೆ, ಕಟ್ಟಬೇಕಾದ ಪರೀಕ್ಷಾ ಶುಲ್ಕ ಎಲ್ಲವೂ ಕತೆಯಲ್ಲಿವೆ. ಓದಿದವರಿಗೆ ಮರುಕ ಹುಟ್ಟುತ್ತದೆ, ಆದರೆ ಹುಡುಗ ಮೊದಲ ಪುಟದಲ್ಲಿ ಇದ್ದಂತೆಯೇ ಕೊನೆಯ ಪುಟದಲ್ಲೂ ಇರುತ್ತಾನೆ. ಅವನ ಮನಸ್ಸನ್ನು ತೋರಿಸಹೊರಟರೆ ಅದು ಭಾಷಣವಾಗುತ್ತದೆ. ಇನ್ನೊಂದು ಮಾತು: ಕೊನೆಗೆ ಅವನನ್ನು ಶಿವಮೊಗ್ಗದ ಬಸ್ಸು ಹತ್ತಿಸದೆ ಕತೆ ಮುಗಿಸಲು ಸಾಧ್ಯವಿಲ್ಲವೇ?

ವರದಾಮೂಲ:
ನಿಮ್ಮ ಹುಡುಗನಿಗೆ ಕಷ್ಟಗಳನ್ನು ಕೊಟ್ಟಿದ್ದೀರಿ, ಆಸೆಯನ್ನು ಕೊಟ್ಟಿಲ್ಲ ಎಂದು ನನಗನ್ನಿಸುತ್ತದೆ. ತನ್ನವರಿಗೆ ನೋವಾಗದೆ ಈಡೇರದಂಥ ಆಸೆಯೊಂದು ಅವನಿಗಿದ್ದರೆ ಒಳತೋಟಿ ತಾನಾಗಿಯೇ ಹುಟ್ಟುತ್ತದೆ.

ಕೊಯ್ದ ಹಸಿ ಅಡಿಕೆಯನ್ನು ಹೆಚ್ಚು ದಿನ ಇಡಲಾಗದು, ಸುಲಿದು ಬೇಯಿಸಲೇಬೇಕು. ಆದ್ದರಿಂದಲೇ ಸುಲಿಯುವವರು ಮೆಟ್ಟುಗತ್ತಿಯ (ಅಡಿಕೆ ಸುಲಿಯುವ ಕತ್ತಿ) ಮುಂದೆ ರಾತ್ರಿ ಬಹಳ ಹೊತ್ತು ಕುಳಿತಿರುತ್ತಾರೆ. ತೋಟದವರ ಮಗ ನಿಮ್ಮ ಹುಡುಗನ ಸಹಪಾಠಿಯಾಗಿರಲಿ, ಇಬ್ಬರೂ ಆ ಮನೆಯ ಜಗಲಿಯಲ್ಲಿ ಕುಳಿತು ಗಣಿತ ಬಿಡಿಸುತ್ತಿರಲಿ. ಅದೇ ದೀಪದ ಬೆಳಕಿನಲ್ಲಿ, ನಾಲ್ಕು ಮೆಟ್ಟಿಲು ಕೆಳಗೆ, ಅಂಗಳದಲ್ಲಿ ಅವನ ತಾಯಿ ಚೊಗರಿನಿಂದ ಕಪ್ಪಾದ ಬೆರಳುಗಳಲ್ಲಿ ಸುಲಿಯುತ್ತಿದ್ದಾಳೆ. ಒಳಗಿನಿಂದ ಬರುವ ಕಾಫಿ ಮೊದಲು ಜಗಲಿಗೆ ಬರುತ್ತದೆ. ಅವನು ಕುಡಿಯುತ್ತಾನೆ. ಆ ಮನೆ, ಅಲ್ಲಿಯ ಪುಸ್ತಕಗಳು, ಅಲ್ಲಿಯ ಅಕ್ಕರೆ ಎಲ್ಲವೂ ಅವನಿಗೆ ನಿಜವಾಗಿಯೂ ಇಷ್ಟವಾಗಬೇಕು. ಆ ಇಷ್ಟದ ಬಗ್ಗೆಯೇ ಅವನಿಗೆ ನಾಚಿಕೆಯೂ ಆಗಬೇಕು. ಅವನು ಏನು ಯೋಚಿಸಿದನೆಂದು ಬರೆಯಬೇಡಿ, ಎಲ್ಲಿ ಕುಳಿತ ಎಂಬುದನ್ನು ಬರೆಯಿರಿ.

ಇನ್ನು ಅವನ ಕೈಬರಹ ಚೆನ್ನಾಗಿದೆಯೆಂದು ಯಜಮಾನರು, ಯಾರು ಎಷ್ಟು ಡಬ್ಬ ಸುಲಿದರೆಂದು ನೋಡಿ ಕೂಲಿ ಕೊಡುವ ಲೆಕ್ಕವನ್ನು ಅವನ ಕೈಯಿಂದಲೇ ಬರೆಸಿದರೆ? ಅಳೆಯುವಾಗ ಡಬ್ಬವನ್ನು ಕುಲುಕಿ ಕುಲುಕಿ ತುಂಬಿಸುವುದು ಅವನ ಕಣ್ಣಿಗೆ ಬೀಳುತ್ತದೆ. ಆ ಪುಸ್ತಕದಲ್ಲಿ ತಾಯಿಯ ಹೆಸರಿನ ಮುಂದೆ ಅವನು ಬರೆಯುವ ಅಂಕಿಯೇ ನಿಮ್ಮ ಕತೆಯ ನಡು.

ಹೊಸನಗರದ ಓದುಗಿ:
ಮೇಲಿನ ಸಲಹೆ ಒಳ್ಳೆಯದೇ. ಆದರೆ ಕತೆ ಯಾವ ಇಸವಿಯದೆಂದು ಮೊದಲು ನಿಶ್ಚಯಿಸಿಕೊಳ್ಳಿ. ಉಳುವವನಿಗೇ ಭೂಮಿ ಎಂದ 1974ರ ಭೂಸುಧಾರಣಾ ತಿದ್ದುಪಡಿಗೆ ಮುಂಚಿನ, ಒಡೆಯರ ನೆಲವನ್ನು ಗೇಣಿಗೆ ಉಳುವ ಮನೆಯ ಹುಡುಗನ ಭಯವೇ ಬೇರೆ, ನಂತರದ ಕೂಲಿಯ ಮನೆಯ ಹುಡುಗನ ಭಯವೇ ಬೇರೆ. ಮೊದಲನೆಯವನಿಗೆ ಮನೆಯವರು ಉಳುವ ನೆಲವೇ ಕೈತಪ್ಪುವ ಆತಂಕ. ಎರಡನೆಯವನಿಗೆ ಮಳೆಗಾಲದಲ್ಲಿ ಅಕ್ಕಿಗೆಂದು ಪಡೆದ ಮುಂಗಡ ಸುಲಿತದ ಕೂಲಿಯಲ್ಲಿ ಎಷ್ಟು ಮುರಿಯುತ್ತದೆಂಬ ಚಿಂತೆ. ಬಡತನವನ್ನು ಕೇವಲ ಮನಸ್ಸಿನ ಸ್ಥಿತಿಯನ್ನಾಗಿ ಮಾಡಿದರೆ ಅದು ಸುಳ್ಳಾಗುತ್ತದೆ. ಸಾಲ ಎಷ್ಟು, ಯಾರಿಗೆ, ಯಾವಾಗ ತೀರಬೇಕು ಎಂಬುದು ಓದುಗರಿಗೆ ಗೊತ್ತಿರಲಿ.

ಯಜಮಾನರನ್ನು ಖಳನಾಗಿಸಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಕೊಳೆರೋಗ ಬಂದ ವರ್ಷ ಅವರ ತೋಟದ ಅಡಿಕೆಯೂ ಮರದ ಬುಡದಲ್ಲಿ ಉದುರಿ ಬಿದ್ದಿರುತ್ತದೆ. ಒಳ್ಳೆಯ ಮನುಷ್ಯನೊಬ್ಬ ಡಬ್ಬ ಕುಲುಕುವುದನ್ನು ಕಂಡಾಗಲೇ ಹುಡುಗನಿಗೆ ಲೋಕ ಕಷ್ಟವಾಗುವುದು.

ಕವಲೇದುರ್ಗ:
ನಿರೂಪಣೆಯ ಬಗ್ಗೆ ಒಂದು ಮಾತು. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕತೆಯಲ್ಲಿ ವಿಧವೆ ಯಮುನಕ್ಕನ ದುರಂತವನ್ನು ನಾವು ವೇದ ಕಲಿಯಲು ಬಂದ ಬಾಲಕನ ಕಣ್ಣಿನಿಂದ ನೋಡುತ್ತೇವೆ. ಅವನಿಗೆ ಅರ್ಥವಾಗದ ಭಾಗದ ಭಾರ ಓದುಗನ ಮೇಲೆ ಬೀಳುತ್ತದೆ. ನಿಮ್ಮ ಹುಡುಗನಿಗೆ ವಯಸ್ಸು ಹದಿನೈದು. ಅರ್ಥವಾಗದಿರುವಷ್ಟು ಚಿಕ್ಕವನಲ್ಲ, ಮಾತಾಡುವಷ್ಟು ದೊಡ್ಡವನೂ ಅಲ್ಲ. ದೊಡ್ಡವನಾದ ಮೇಲೆ ಹಿಂತಿರುಗಿ ನೋಡಿ ಹೇಳುವ ಧ್ವನಿ ಬಂದರೆ ಪಶ್ಚಾತ್ತಾಪದ ವಿವರಣೆ ತಾನೇ ನುಸುಳುತ್ತದೆ. ಆ ರಾತ್ರಿಗಳ ಒಳಗೇ ಇದ್ದು ಬರೆಯಿರಿ.

ತುಂಗಾತೀರ:
ಎಲ್ಲರಿಗೂ ಕೃತಜ್ಞತೆಗಳು. ಲೆಕ್ಕದ ಪುಸ್ತಕವನ್ನು ಖಂಡಿತ ತರುತ್ತೇನೆ. ಅಂಕಿಯ ವಿಷಯ ತಾಯಿಗೆ ತಿಳಿಯಬೇಕೆ, ಬೇಡವೆ? ಅವಳಿಗೆ ಓದು ಬರಹ ಬಾರದು.

ವರದಾಮೂಲ:
ಓದು ಬಾರದಿದ್ದರೇನು, ಲೆಕ್ಕ ಬರುತ್ತದೆಯಲ್ಲ. ಡಬ್ಬಕ್ಕೊಂದರಂತೆ ಅಡಿಕೆಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಳ್ಳುವ ಹೆಂಗಸಾಗಿ ಅವಳನ್ನು ಚಿತ್ರಿಸಿ. ವಾರದ ಬಟವಾಡೆಯ ದಿನ ಅವಳ ಗಂಟಿಗೂ ಮಗನ ಪುಸ್ತಕಕ್ಕೂ ತಾಳೆಯಾಗದಿರಲಿ. ಅವಳು ಯಜಮಾನರೆದುರು ಬಾಯಿ ಬಿಡದೆ, ದಾರಿಯಲ್ಲಿ ಮಗನನ್ನು, ‘ನೀನೇ ಬರ್ದಿದ್ದಾ?’ ಎಂದಷ್ಟೇ ಕೇಳಲಿ. ಮರುದಿನ ಸಂಜೆ ಅವನು ಮತ್ತೆ ಅದೇ ಮನೆಗೆ ಹೋಗಲೇಬೇಕು, ಏಕೆಂದರೆ ಪರೀಕ್ಷಾ ಶುಲ್ಕ ಇನ್ನೂ ಕಟ್ಟಿಲ್ಲ. ಆದ್ದರಿಂದ ಬಸ್ಸಿನ ಅಗತ್ಯವಿಲ್ಲ, ಪರೀಕ್ಷೆಯ ಫಲಿತಾಂಶವೂ ಕತೆಯೊಳಗೆ ಬರಬೇಕಾಗಿಲ್ಲ.