ಮದರ್‌ಬೋರ್ಡ್ ಬದಲಾದ ಮೇಲೆ ವಿಂಡೋಸ್ ಆಕ್ಟಿವೇಶನ್: ಅನುಭವ ಉಳ್ಳವರು ತಿಳಿಸಿ

ಪ್ರಶ್ನೆ (ಡಿಟಿಪಿ ಕೇಂದ್ರ, ಶಿವಮೊಗ್ಗ): ಸಿಡಿಲಿಗೆ ಸುಟ್ಟ ಮದರ್‌ಬೋರ್ಡ್ ಬದಲಿಸಿದ ಮೇಲೆ ವಿಂಡೋಸ್ 10ರಲ್ಲಿ ಸಿ004ಎಫ್211 ಎಂಬ ದೋಷ ಬರುತ್ತಿದೆ. ಅಂಗಡಿಯವರು 600 ರೂಪಾಯಿಗೆ ಹೊಸ ಕೀ (ವಿಂಡೋಸ್ ಆಕ್ಟಿವೇಟ್ ಮಾಡುವ ಸಂಕೇತ) ಹಾಕಿಕೊಡುವುದಾಗಿ ಹೇಳುತ್ತಾರೆ. ಹಾಕಿಸಬಹುದೇ?

ತರಬೇತಿ ಕೇಂದ್ರದವರು, ಹಾಸನ: ಅಗ್ಗದ ಕೀ ಎಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನಮ್ಮ ಎಂಟು ಕಂಪ್ಯೂಟರ್‌ಗಳಿಗೆ ತಲಾ 550ರಂತೆ 4,400 ರೂಪಾಯಿ ತೆತ್ತು, ಹಾಕುವ ಕೂಲಿಯೆಂದು ಮತ್ತೆ 800 ಕೊಟ್ಟೆವು. ಬಿಲ್ಲು ಕೇಳಿದರೆ ನಾಳೆ ಎಂದರು. ಆರು ತಿಂಗಳಾಗುತ್ತಿದ್ದಂತೆ ಒಂದೊಂದೇ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಆಕ್ಟಿವೇಟ್ ಮಾಡಿರೆಂಬ ಬೂದು ಬರಹ ಮೂಡಿತು, ದೋಷಸಂಖ್ಯೆ ಸಿ004ಎಫ್074. ಲೈಸೆನ್ಸ್ ವಿವರ ತೋರಿಸುವ ಎಸ್‌ಎಲ್‌ಎಂಜಿಆರ್ /ಡಿಎಲ್‌ವಿ ಆದೇಶ ಕೊಟ್ಟು ನೋಡಿದರೆ ಅದು ಸಂಸ್ಥೆಗಳಿಗೆ ಒಟ್ಟಾಗಿ ಕೊಡುವ ವಾಲ್ಯೂಮ್ ಲೈಸೆನ್ಸ್, ಸಂಸ್ಥೆಯ ಸರ್ವರ್ ಮೂಲಕ ಆಕ್ಟಿವೇಟ್ ಆಗುವ ಕೆಎಂಎಸ್ ಕ್ಲೈಂಟ್. ಕನಿಷ್ಠ 25 ಕಂಪ್ಯೂಟರ್‌ಗಳಿರುವ ಸಂಸ್ಥೆಗಳು ಸ್ವಂತ ಸರ್ವರ್ ಇಟ್ಟು ನಡೆಸುವ ಆ ವ್ಯವಸ್ಥೆಯಲ್ಲಿ, ಸರ್ವರ್ ಸಂಪರ್ಕ ತಪ್ಪಿದರೆ 180 ದಿನಕ್ಕೆ ಆಕ್ಟಿವೇಶನ್ ಮುಗಿಯುತ್ತದೆ. ಇದನ್ನು ಬಲ್ಲವನೇ ನಮಗೆ ಮಾರಿದ್ದು.

ಲೆಕ್ಕಪತ್ರ ಕಚೇರಿಯವರು, ಮೈಸೂರು: ಬಿಲ್ಲಿಲ್ಲದೆ ಕೊಂಡು ಆಮೇಲೆ ಮಾರಿದವನನ್ನು ದೂರುವುದು ನನಗೆ ಸರಿಕಾಣುವುದಿಲ್ಲ. ನಾನು ಹದಿನಾಲ್ಕು ಸಾವಿರಕ್ಕೂ ಮೇಲೆ ಕೊಟ್ಟು ಪ್ರೊ ಆವೃತ್ತಿಯ ರೀಟೇಲ್ (ಯಂತ್ರದ ಜೊತೆಗಲ್ಲದೆ ಬಿಡಿಯಾಗಿ ಮಾರುವ) ಪೆಟ್ಟಿಗೆ ತಂದಾಗ ಕಚೇರಿಯಲ್ಲಿ ಎಲ್ಲರೂ ದುಂದುವೆಚ್ಚ ಎಂದರು. 2016ರಿಂದ ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸುವ ಸೌಲಭ್ಯವಿದೆ. ಅದನ್ನು ಮೊದಲೇ ಮಾಡಿದ್ದರಿಂದ, ಬೋರ್ಡ್ ಬದಲಾದಾಗ ವಿಂಡೋಸ್‌ನಲ್ಲೇ ಇರುವ ದೋಷ ಸರಿಪಡಿಸುವ ಟ್ರಬಲ್‌ಶೂಟರ್‌ನಲ್ಲಿ ಯಂತ್ರಾಂಶ ಬದಲಾಗಿದೆಯೆಂದು ಆಯ್ದು, ಪಟ್ಟಿಯಲ್ಲಿ ಹಳೆಯ ಹೆಸರಿನ ಯಂತ್ರವನ್ನು ಒತ್ತಿದೊಡನೆ ಕೆಲಸವಾಯಿತು.

ಹಾಸನದವರು: ಎಂಟು ಯಂತ್ರಕ್ಕೆ ಹದಿನಾಲ್ಕು ಸಾವಿರದಂತೆ ಕೂಡಿ ನೋಡಿ ಸರ್, ಲೆಕ್ಕ ನಿಮ್ಮ ವೃತ್ತಿಯೇ ತಾನೆ! ನಮ್ಮಲ್ಲಿ ಕಲಿಯುವ ಮಕ್ಕಳು ತಿಂಗಳಿಗೆ 500 ರೂಪಾಯಿ ಕೊಡುತ್ತಾರೆ.

ರಿಪೇರಿ ಅಂಗಡಿಯವರು, ಧಾರವಾಡ: ಮೈಸೂರಿನವರ ಮಾತು ರೀಟೇಲ್‌ಗೆ ಸರಿ. ಯಂತ್ರದೊಂದಿಗೇ ಬಂದ ಓಇಎಂ ಲೈಸೆನ್ಸ್, ಖಾತೆಗೆ ಜೋಡಿಸಿದ ಮಾತ್ರಕ್ಕೆ ರೀಟೇಲ್ ಆಗದು; ಅದು ಮೊದಲ ಬೋರ್ಡಿಗೇ ಅಂಟಿರುತ್ತದೆ. ವಿಂಡೋಸ್ 8ರ ಕಾಲದಿಂದ ಬ್ರ್ಯಾಂಡೆಡ್ ಯಂತ್ರಗಳ ಕೀ ಬೋರ್ಡಿನ ಚಿಪ್‌ನಲ್ಲೇ ಇರುತ್ತದೆ. ಒಬ್ಬ ಗ್ರಾಹಕರು ಕಂಪನಿಯ ಬೋರ್ಡಿಗೆ 11,200 ಹೆಚ್ಚಾಯಿತೆಂದು 4,800ಕ್ಕೆ ಹಳೆಯ ಬೋರ್ಡ್ ತಂದರು. ಅದರಲ್ಲಿದ್ದುದು ಹೋಮ್ ಆವೃತ್ತಿಯ ಕೀ, ಇವರದು ಪ್ರೊ. ಕೂಲಿ 700, ಹೊಸ ಲೈಸೆನ್ಸ್ ಬೇರೆ. ಕಂಪನಿಯ ಬೋರ್ಡಿಗಿಂತ ದುಬಾರಿಯಾಯಿತು, ಬೈಗುಳ ಮಾತ್ರ ನನಗೆ ಬಂತು.

ಅಧ್ಯಾಪಕರು, ಉಡುಪಿ: ಯಾವ ಕೀಯೂ ಬೇಡವೆಂದು ನಾನು ವಿಂಡೋಸ್ ಬಿಟ್ಟು ಉಚಿತ ಕಾರ್ಯಾಚರಣ ವ್ಯವಸ್ಥೆಯಾದ ಉಬುಂಟುವಿಗೆ ಬಂದು ನೆಮ್ಮದಿಯಾಗಿದ್ದೇನೆ. ಅದರ ಟೈಪಿಂಗ್ ಸಲಕರಣೆ ಐಬಸ್‌ನಲ್ಲಿ ಕನ್ನಡದ ಕೆಜಿಪಿ ಕೀಲಿಮಣೆ ವಿನ್ಯಾಸವಿರುವುದರಿಂದ ಕನ್ನಡ ಟೈಪಿಂಗ್ ಕೈಗೆ ಹೊಸದೆನಿಸಲಿಲ್ಲ. 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದ ವಿಂಡೋಸ್ 10ಕ್ಕೆ ಇನ್ನೂ ಹಣ ಸುರಿಯುವುದೇಕೆ?

ಧಾರವಾಡದವರು: ಅಧ್ಯಾಪಕರೇ, ಡಿಟಿಪಿಯವರು ಪುಟವಿನ್ಯಾಸಕ್ಕೆ ಬಳಸುವ ಪೇಜ್‌ಮೇಕರ್ ಕಡತಗಳನ್ನು ನಿಮ್ಮ ಉಬುಂಟುವಿನಲ್ಲಿ ತೆರೆದು ತೋರಿಸಿ. ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರಸಂಕೇತ) ಅಲ್ಲದ ನುಡಿ ಫಾಂಟಿನಲ್ಲಿರುವ ಹತ್ತು ವರ್ಷದ ಮದುವೆ ಪತ್ರಿಕೆಗಳನ್ನು ಯಾರು ಪರಿವರ್ತಿಸಿ, ಕೆಟ್ಟುಹೋದ ಒತ್ತಕ್ಷರಗಳನ್ನು ಯಾರು ತಿದ್ದಬೇಕು?

ಉಡುಪಿಯವರು: ಇಪ್ಪತ್ತು ವರ್ಷಕ್ಕೂ ಹಳೆಯ ತಂತ್ರಾಂಶವನ್ನು ಬಿಡಲೊಲ್ಲದ ಈ ಹಟದಿಂದಲೇ ಮುದ್ರಣಾಲಯಗಳ ಕನ್ನಡ ಯೂನಿಕೋಡ್‌ಗೆ ಬಾರದೆ ಉಳಿದಿದೆ.

ಮೈಸೂರಿನವರು: ಯೂನಿಕೋಡ್ ಚರ್ಚೆಗೆ ಬೇರೆ ಜಾಗವಿದೆ. ಶಿವಮೊಗ್ಗದವರೇ, ನಿಮ್ಮ ಹಳೆಯ ಲೈಸೆನ್ಸ್ ರೀಟೇಲ್‌ದೋ ಓಇಎಂನದ್ದೋ ಎಂಬುದನ್ನು ಹಳೆಯ ಬಿಲ್ಲು ನೋಡಿ ತಿಳಿಸಿ. ಧಾರವಾಡದವರಿಗೆ ನನ್ನ ಉತ್ತರ ಆಮೇಲೆ.