ಹಾಫ್ ಮ್ಯಾರಥಾನ್ ತಯಾರಿ: 12 ಕಿ.ಮೀ. ದಾಟಿದರೆ ಕಾಲು ಮುಂದೆ ಬರುತ್ತಿಲ್ಲ, ಬಲಗಾಲಿನ ಎಲುಬಿನಲ್ಲೂ ನೋವು

ಹೊಸಹೆಜ್ಜೆ:

ಎಲ್ಲರಿಗೂ ನಮಸ್ಕಾರ. ಮೊದಲ ಹಾಫ್ ಮ್ಯಾರಥಾನ್‌ಗೆ ತಯಾರಾಗುತ್ತಿದ್ದೇನೆ. 12 ವಾರದ ಪ್ಲಾನ್, ಈಗ ಐದನೇ ವಾರ. ವಯಸ್ಸು 38. ಇತ್ತೀಚೆಗೆ 10 ಕಿ.ಮೀ. ರೇಸನ್ನು 60 ನಿಮಿಷದಲ್ಲಿ ಮುಗಿಸಿದೆ. ಹಾಗಾಗಿ 21 ಕಿ.ಮೀ. ನನ್ನಿಂದ ಆಗುತ್ತದೆ ಅನ್ನುವ ಧೈರ್ಯ ಇತ್ತು. ಈಗ ಅದು ಕಡಿಮೆಯಾಗುತ್ತಿದೆ.

ಮೊದಲ ತೊಂದರೆ ಲಾಂಗ್ ರನ್‌ದು. 12 ಕಿ.ಮೀ.ವರೆಗೆ ಚೆನ್ನಾಗಿಯೇ ಹೋಗುತ್ತದೆ. ಆಮೇಲೆ ತೊಡೆ ಬಿಗಿದುಕೊಳ್ಳುತ್ತದೆ, ಕಾಲು ಎತ್ತಿಡುವುದೇ ಕಷ್ಟ. ಹೋದ ಭಾನುವಾರ 15 ಕಿ.ಮೀ. ಓಡಿದೆ. ಶುರುವಿನಲ್ಲಿ ಕಿ.ಮೀ.ಗೆ 6:30 (6 ನಿಮಿಷ 30 ಸೆಕೆಂಡ್) ಇದ್ದ ಪೇಸ್ ಕೊನೆಗೆ 7:40ಕ್ಕೆ ಇಳಿಯಿತು. ಹಾರ್ಟ್ ರೇಟ್ ಮಾತ್ರ 150ರಿಂದ 172ಕ್ಕೆ ಏರಿತ್ತು. ಬೇಸರ ಏನೆಂದರೆ, ಅದರ ಹಿಂದಿನ ವಾರ 13 ಕಿ.ಮೀ. ಓಡಿದಾಗ ಇನ್ನೂ ಓಡಬಹುದಿತ್ತು ಅನ್ನುವಷ್ಟು ಹಗುರವಾಗಿತ್ತು. ಒಂದೇ ವಾರದಲ್ಲಿ ಏನು ಬದಲಾಯಿತು ಅಂತ ಗೊತ್ತಾಗುತ್ತಿಲ್ಲ.

ಎರಡನೆಯದು ಬಲಗಾಲಿನ ನೋವು. ಮೊಣಕಾಲಿಗೂ ಪಾದಕ್ಕೂ ನಡುವಿನ ಎಲುಬಿನ ಒಳಬದಿಯಲ್ಲಿ. ಓಟದ ಮೊದಲ ಕಿ.ಮೀ.ನಲ್ಲಿ ಇರುತ್ತದೆ, ಮೈ ಬೆಚ್ಚಗಾದ ಮೇಲೆ ಹೋಗುತ್ತದೆ, ಸಂಜೆ ಮತ್ತೆ ಬರುತ್ತದೆ.

ನನ್ನ ವಾರ ಹೀಗಿದೆ: ಮಂಗಳವಾರ 6 ಕಿ.ಮೀ. ಈಸಿ, 6:25 ಪೇಸ್. ಗುರುವಾರ 6 ಕಿ.ಮೀ. ಟೆಂಪೋ (ಒಂದೇ ಸಮನೆ ಜೋರಾಗಿ ಓಡುವುದು), 5:55. ಶುಕ್ರವಾರ 5 ಕಿ.ಮೀ. ಈಸಿ. ಭಾನುವಾರ 15. ಒಟ್ಟು 32. ಪ್ಲಾನ್ ಶುರುವಾಗುವ ಮೊದಲು ವಾರಕ್ಕೆ 20 ಓಡುತ್ತಿದ್ದೆ. ಶೂ 700 ಕಿ.ಮೀ. ದಾಟಿದೆ. ಸ್ಟ್ರೆಚಿಂಗ್ ಮಾಡಿ ನೋಡಿದೆ, ಮೆತ್ತನೆ ಇನ್‌ಸೋಲ್ ಹಾಕಿದೆ, ನೀರು ಜಾಸ್ತಿ ಕುಡಿದೆ. ಯಾವುದೂ ಕೆಲಸ ಮಾಡಲಿಲ್ಲ.

ಇನ್ನೊಂದು ವಿಷಯ: ಕೆಲವು ದಿನ ಓಟ ಶುರುವಾದ ಹತ್ತು ನಿಮಿಷ ವಾಚ್ 170 ತೋರಿಸುತ್ತದೆ, ಆಮೇಲೆ ಇದ್ದಕ್ಕಿದ್ದಂತೆ 145ಕ್ಕೆ ಬರುತ್ತದೆ. ಹೃದಯದಲ್ಲೇ ಏನಾದರೂ ತೊಂದರೆ ಇರಬಹುದಾ? ಭಯ ಆಗುತ್ತಿದೆ.

ಹಿಮ್ಮಡಿ:

ಪೇಸ್ ವಿಷಯ ಆಮೇಲೆ ನೋಡೋಣ. ಮೊದಲು ಕಾಲು. ದಯವಿಟ್ಟು ಇವತ್ತೇ ಒಂದು ಪರೀಕ್ಷೆ ಮಾಡಿ. ಆ ಎಲುಬಿನ ಒಳಅಂಚನ್ನು ಬೆರಳಿನಿಂದ ಮೇಲಿನಿಂದ ಕೆಳಗೆ ಒತ್ತುತ್ತಾ ಬನ್ನಿ. ನೋವು ಒಂದು ಗೇಣಿನಷ್ಟು ಹರಡಿದೆಯಾ, ಅಥವಾ ಬೆರಳ ತುದಿಯಷ್ಟು ಜಾಗದಲ್ಲಿ ಚುಚ್ಚುತ್ತದೆಯಾ? ರಾತ್ರಿ ಮಲಗಿದಾಗ ನೋಯುತ್ತದೆಯಾ? ಸುಮ್ನೆ ನಡೆಯುವಾಗ?

ಹೊಸಹೆಜ್ಜೆ:

ಒತ್ತಿ ನೋಡಿದೆ. ಅರ್ಧ ಗೇಣಿಗಿಂತ ಜಾಸ್ತಿ ಉದ್ದಕ್ಕೆ ಹರಡಿದೆ, ಒಂದೇ ಜಾಗ ಅಂತಿಲ್ಲ. ರಾತ್ರಿ ನೋವಿಲ್ಲ. ನಡೆಯುವಾಗಲೂ ಇಲ್ಲ, ಮೆಟ್ಟಿಲು ಇಳಿಯುವಾಗ ಸ್ವಲ್ಪ.

ಹಿಮ್ಮಡಿ:

ಸಮಾಧಾನದ ಉತ್ತರ. ಇದು ಶಿನ್ ಸ್ಪ್ಲಿಂಟ್ಸ್ ಇದ್ದ ಹಾಗಿದೆ, ಅಂದರೆ ಓಟ ಜಾಸ್ತಿಯಾಗಿ ಈ ಎಲುಬಿನ ಒಳಅಂಚಿನ ಉದ್ದಕ್ಕೂ ಬರುವ ನೋವು. ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ದಮ್ಮು ಕೆಲವೇ ವಾರದಲ್ಲಿ ಸುಧಾರಿಸುತ್ತದೆ. ಎಲುಬು ಗಟ್ಟಿಯಾಗಲು ತಿಂಗಳುಗಳು ಬೇಕು. ಎದೆ ‘ಇನ್ನೂ ಓಡು’ ಅನ್ನುವಾಗ ಎಲುಬು ಇನ್ನೂ ಹಿಂದೆಯೇ ಇರುತ್ತದೆ. 20ರಿಂದ 32ಕ್ಕೆ ಐದೇ ವಾರದಲ್ಲಿ ಹೋದದ್ದು ನಿಮ್ಮ ಕಾಲಿಗೆ ಜಾಸ್ತಿಯಾಯಿತು, ಅಷ್ಟೇ.

ಎರಡು ವಾರ ಒಟ್ಟು ದೂರವನ್ನು 22ರ ಹತ್ತಿರ ಇಡಿ. ಶುಕ್ರವಾರದ ಓಟ ಬಿಟ್ಟು ಸೈಕಲ್ ತುಳಿಯಿರಿ ಅಥವಾ ಈಜಿ. ಆಗ ಎದೆಗೆ ಕೆಲಸ ಸಿಗುತ್ತದೆ, ಎಲುಬಿಗೆ ಹೊಡೆತ ಬೀಳುವುದಿಲ್ಲ. ದಿನ ಬಿಟ್ಟು ದಿನ ಹಿಮ್ಮಡಿ ಎತ್ತುವ ವ್ಯಾಯಾಮ ಮಾಡಿ, ಒಂದು ಸಲ ಮೊಣಕಾಲು ನೇರವಿಟ್ಟು, ಇನ್ನೊಂದು ಸಲ ಸ್ವಲ್ಪ ಬಗ್ಗಿಸಿ. ಬಗ್ಗಿಸಿದಾಗ ಮೀನಖಂಡದ ಒಳಗಿನ ಸ್ನಾಯುವಿಗೆ ಕೆಲಸ ಬೀಳುತ್ತದೆ. ಓಡುವಾಗ ಜಾಸ್ತಿ ಭಾರ ಹೊರುವುದು ಅದೇ. ಸಾಮಾನ್ಯವಾಗಿ ಶೂ 500ರಿಂದ 800 ಕಿ.ಮೀ. ಬರುತ್ತದೆ. ಇಂಥ ನೋವಿರುವಾಗ 700 ದಾಟಿದ ಶೂಗೆ ಇನ್‌ಸೋಲ್ ಹಾಕುವ ಬದಲು ಹೊಸದು ತೆಗೆದುಕೊಳ್ಳಿ. ಹೊಸ ಶೂನಲ್ಲಿ ನೇರವಾಗಿ ಲಾಂಗ್ ರನ್ ಬೇಡ, ಮೊದಲು ಚಿಕ್ಕ ಓಟ.

ಒಂದು ಎಚ್ಚರಿಕೆ. ನೋವು ಒಂದೇ ಬಿಂದುವಿಗೆ ಬಂದು ನಿಂತರೆ, ಓಡುತ್ತಾ ಹೋದಂತೆ ಕಡಿಮೆಯಾಗುವ ಬದಲು ಹೆಚ್ಚಾದರೆ, ಅಥವಾ ರಾತ್ರಿ ಎಬ್ಬಿಸಿದರೆ ಓಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಅದು ಎಲುಬಿನ ಸಣ್ಣ ಬಿರುಕಾಗಿರಬಹುದು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು. ಹಾಗಾಗಿ ‘ಎಕ್ಸ್‌ರೇ ಸರಿಯಿದೆ’ ಅಂದ ಮಾತ್ರಕ್ಕೆ ಮತ್ತೆ ಓಡಬೇಡಿ.

ಕೊನೆಯ_ಕಿಮೀ:

ಕಾಲಿನ ಬಗ್ಗೆ ಹೇಳಬೇಕಾದ್ದನ್ನು ಹಿಮ್ಮಡಿ ಅವರು ಹೇಳಿದ್ದಾರೆ. ಲಾಂಗ್ ರನ್ ಸಮಸ್ಯೆ ನನಗೆ ನಿಮ್ಮ ಮಂಗಳವಾರದಲ್ಲೇ ಕಾಣುತ್ತಿದೆ.

ಒಂದು ದೂರದ ಟೈಮಿಂಗ್‌ನಿಂದ ಇನ್ನೊಂದು ದೂರದ ಟೈಮಿಂಗ್ ಊಹಿಸುವ ಸೂತ್ರವನ್ನು ಪೀಟರ್ ರೀಗಲ್ ಎಂಬ ಎಂಜಿನಿಯರ್ 1977ರಲ್ಲಿ ಕೊಟ್ಟರು. ಹೊಸ ದೂರವನ್ನು ಹಳೆಯ ದೂರದಿಂದ ಭಾಗಿಸಿ, ಬಂದದ್ದನ್ನು 1.06ರ ಘಾತಕ್ಕೆ ಏರಿಸಿ, ಹಳೆಯ ಟೈಮಿಂಗ್‌ಗೆ ಗುಣಿಸುವುದು. ಹಾಫ್ ಅಂದರೆ 21.0975 ಕಿ.ಮೀ. ನಿಮ್ಮ 60 ನಿಮಿಷ ಹಾಕಿದರೆ ಸುಮಾರು 2 ಗಂಟೆ 12 ನಿಮಿಷ ಬರುತ್ತದೆ. ಅಂದರೆ ಕಿ.ಮೀ.ಗೆ 6:16. ತಯಾರಿ ಪೂರ್ತಿ ಆದ ಮೇಲೆ, ಒಳ್ಳೆಯ ದಿನದಲ್ಲಿ, ಪೂರ್ತಿ ಜೋರು ಹಾಕಿದರೆ ಸಿಗುವ ಪೇಸ್ ಅದು.

ಈಗ ನಿಮ್ಮ ವಾರ ನೋಡಿ. ಈಸಿ ರನ್ 6:25. ರೇಸ್ ಪೇಸ್‌ಗಿಂತ ಬರೀ 9 ಸೆಕೆಂಡ್ ನಿಧಾನ. ಲಾಂಗ್ ರನ್ 6:30. ಟೆಂಪೋ 5:55, ಅದು ನಿಮ್ಮ 10 ಕಿ.ಮೀ. ರೇಸ್‌ಗಿಂತಲೂ ಜೋರು. ನಿಮ್ಮ ವಾರದಲ್ಲಿ ಸುಲಭದ ಓಟ ಒಂದೂ ಇಲ್ಲ. ನಾಲ್ಕಕ್ಕೆ ನಾಲ್ಕೂ ದಿನ ಬೇರೆ ಬೇರೆ ಹೆಸರಿನಲ್ಲಿ ರೇಸ್ ಓಡುತ್ತಿದ್ದೀರಿ. ಹಿಂದಿನ ವಾರ ಹಗುರವಾಗಿತ್ತು ಅಂದಿರಲ್ಲ, ಆ ವಾರ ಗುರುವಾರದ ಟೆಂಪೋ ಮಾಡಿದ್ದಿರಾ? ಒಮ್ಮೆ ನೋಡಿ.

ಕಾಲು ಬಿಗಿಯಲು ಕಾರಣ ಎರಡು. ಸ್ನಾಯುವಿನಲ್ಲಿ ಮತ್ತು ಯಕೃತ್ತಿನಲ್ಲಿ ಇರುವ ಗ್ಲೈಕೊಜೆನ್ (ದೇಹ ಕೂಡಿಟ್ಟ ಸಕ್ಕರೆಯ ಇಂಧನ) ಜೋರಾದ ಓಟಕ್ಕೆ ಸುಮಾರು ಒಂದೂವರೆಯಿಂದ ಎರಡು ಗಂಟೆ ಬರುತ್ತದೆ, ಅದೂ ತುಂಬಿದ್ದರೆ. ಗುರುವಾರ, ಶುಕ್ರವಾರ ಜೋರಾಗಿ ಓಡಿ ಅರ್ಧ ಖಾಲಿಯಾದ ಕಾಲಿನಲ್ಲಿ ಭಾನುವಾರ ಹೊರಟರೆ ಬೇಗ ಮುಗಿಯುತ್ತದೆ. ಎರಡನೆಯದು ಪೇಸ್. ನಿಧಾನವಾಗಿ ಓಡಿದಾಗ ದೇಹ ಕೊಬ್ಬನ್ನು ಜಾಸ್ತಿ ಸುಡುತ್ತದೆ, ಗ್ಲೈಕೊಜೆನ್ ಉಳಿಯುತ್ತದೆ. ಸ್ನಾಯುವಿನಲ್ಲಿ ಸಣ್ಣ ರಕ್ತನಾಳಗಳು ಬೆಳೆಯುವುದೂ ಇಂಥ ಉದ್ದದ, ಆರಾಮದ ಓಟಗಳಿಂದಲೇ. ದೂರ ತಾಳುವ ಶಕ್ತಿ ಬರುವುದು ಅಲ್ಲಿಂದ.

ನಿಮ್ಮ ಈಸಿ ಪೇಸ್ 7:00ರಿಂದ 7:40ರ ಒಳಗೆ ಎಲ್ಲೋ ಇರಬೇಕು. ಸಂಖ್ಯೆಗಿಂತ ಬಾಯಿ ಒಳ್ಳೆಯ ಅಳತೆ. ಎರಡು ಮೂರು ಪೂರ್ತಿ ವಾಕ್ಯ ಏದುಸಿರಿಲ್ಲದೆ ಮಾತಾಡಲು ಆಗಬೇಕು. ಆಗದಿದ್ದರೆ ಇನ್ನೂ ನಿಧಾನ ಮಾಡಿ, ಬೇಕಾದರೆ ನಡೆಯಿರಿ. ಟೆಂಪೋವನ್ನು 6:05 ಮತ್ತು 6:15ರ ನಡುವಿಗೆ ಇಳಿಸಿ. ಇನ್ನೊಂದು ಮಾತು, 32ರಲ್ಲಿ 15 ಒಂದೇ ದಿನಕ್ಕೆ ಬೀಳುತ್ತಿದೆ, ಅಂದರೆ ಹೆಚ್ಚು ಕಡಿಮೆ ಅರ್ಧ. ಕಾಲು ಸರಿಯಾದ ಮೇಲೆ ವಾರದ ಮಧ್ಯದ ಒಂದು ಓಟವನ್ನು 8, 9ಕ್ಕೆ ಬೆಳೆಸಿ, ಭಾನುವಾರದ ಮೇಲಿನ ಭಾರ ಇಳಿಯುತ್ತದೆ.

ಗಡಿಯಾರ_ನೋಡಿ:

ಶುರುವಿನ 170ರ ಬಗ್ಗೆ. ನಿಮ್ಮ ಕೇಡೆನ್ಸ್ ಎಷ್ಟು? ನಿಮಿಷಕ್ಕೆ 168ರಿಂದ 172 ಹೆಜ್ಜೆ ಇದ್ದರೆ ವಾಚ್ ನಿಮ್ಮ ಹೃದಯ ಬಡಿತವನ್ನಲ್ಲ, ಹೆಜ್ಜೆಯನ್ನೇ ಎಣಿಸುತ್ತಿರಬಹುದು. ಮಣಿಕಟ್ಟಿನ ಸೆನ್ಸರ್ ಚರ್ಮದೊಳಕ್ಕೆ ಬೆಳಕು ಬಿಟ್ಟು ರಕ್ತದ ಏರಿಳಿತ ನೋಡುತ್ತದೆ. ಪಟ್ಟಿ ಸಡಿಲ ಇದ್ದರೆ, ಕೈ ತಣ್ಣಗಿದ್ದರೆ ಕೈ ಅಲ್ಲಾಡುವ ಲಯವೇ ಅದಕ್ಕೆ ಬಡಿತದಂತೆ ಕಾಣುತ್ತದೆ. ಎರಡೂ ಗ್ರಾಫ್ ಪಕ್ಕಪಕ್ಕ ಇಟ್ಟು ನೋಡಿ. ವಾಚನ್ನು ಮಣಿಕಟ್ಟಿನ ಎಲುಬಿಗಿಂತ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿ. ಸರಿಹೋಗದಿದ್ದರೆ ಬಡಿತ ಅಳೆಯುವ ಎದೆಪಟ್ಟಿ ಕಟ್ಟಿ.

ಆದರೆ ಎದೆನೋವು, ತಲೆಸುತ್ತು, ಬಡಿತ ತಪ್ಪಿದ ಅನುಭವ ಇದ್ದರೆ ವಾಚ್ ಬಿಟ್ಟು ಡಾಕ್ಟರನ್ನು ನೋಡಿ.

ಜೋರುಕಾಲು:

ನನಗೆ ಒಪ್ಪಿಗೆ ಇಲ್ಲ. ಮೂರು ದಿನ 7:20ರಲ್ಲಿ ಓಡಿದರೆ ಕಾಲಿಗೆ ಅದೇ ಅಭ್ಯಾಸವಾಗುತ್ತದೆ. ನಾನು ಜೋರು ಓಡಿಯೇ ಜೋರಾದದ್ದು.

ಕೊನೆಯ_ಕಿಮೀ:

ಜೋರು ಬೇಡ ಅಂತ ನಾನೂ ಹೇಳುತ್ತಿಲ್ಲ. ಟೆಂಪೋ ಇದ್ದೇ ಇದೆ. ಈಸಿ ರನ್‌ನ ಕೊನೆಗೆ 20 ಸೆಕೆಂಡಿನ ನಾಲ್ಕಾರು ಸ್ಟ್ರೈಡ್ಸ್ (ಚಿಕ್ಕ ಜೋರು ಓಟ) ಕೂಡ ಸೇರಿಸಬಹುದು, ಶಿನ್ ನೋವು ಹೋದ ಮೇಲೆ. ಕಾಲು ವೇಗವನ್ನು ಮರೆಯದಿರಲು ಅಷ್ಟು ಸಾಕು. ನಿಮಗೆ ಜೋರು ಓಟ ಹಿಡಿಸಿತು, ನಿಜ. ಇವರ ಕಾಲು ಈಗಾಗಲೇ ನೋಯುತ್ತಿದೆ, ಕೊನೆಯ 3 ಕಿ.ಮೀ.ನಲ್ಲಿ ಪೇಸ್ ಒಂದು ನಿಮಿಷಕ್ಕಿಂತ ಜಾಸ್ತಿ ಬೀಳುತ್ತಿದೆ. ಇವರಿಗೆ ಇವತ್ತು ಕೊರತೆ ಇರುವುದು ವೇಗದ್ದಲ್ಲ.

ಹೊಸಹೆಜ್ಜೆ:

ಗ್ರಾಫ್ ನೋಡಿದೆ, ಕೇಡೆನ್ಸ್ 170. ಎರಡೂ ಗೆರೆ ಒಂದರ ಮೇಲೊಂದು ಕೂತಿವೆ! ದೊಡ್ಡ ಭಯ ಹೋಯಿತು. ಮತ್ತೆ, ಹಗುರವಾಗಿದ್ದ ಆ ವಾರ ಕೆಲಸದ ಒತ್ತಡದಲ್ಲಿ ಗುರುವಾರದ ಓಟ ತಪ್ಪಿತ್ತು. ನೀವು ಹೇಗೆ ಊಹಿಸಿದಿರಿ?

ಹೊಸಹೆಜ್ಜೆ, ಮೂರು ವಾರದ ನಂತರ:

ಸುದ್ದಿ ಹೇಳಲು ಬಂದೆ. ನಿಧಾನ ಓಡುವುದು ಇಷ್ಟು ಕಷ್ಟ ಅಂದುಕೊಂಡಿರಲಿಲ್ಲ. ಎಲ್ಲರೂ ದಾಟಿ ಮುಂದೆ ಹೋಗುವಾಗ ಕಾಲು ತಾನಾಗಿಯೇ ಜೋರಾಗುತ್ತದೆ. ಆದರೆ ಹೋದ ಭಾನುವಾರ 16 ಕಿ.ಮೀ. 7:15ರಲ್ಲಿ ಮುಗಿಸಿದೆ. ಕೊನೆಯವರೆಗೂ ಅದೇ ಪೇಸ್, ಹಾರ್ಟ್ ರೇಟ್ 151 ದಾಟಲಿಲ್ಲ. ಮುಗಿದ ಮೇಲೆ ಕಣ್ಣು ತುಂಬಿ ಬಂತು. ಶಿನ್ ನೋವು ಮುಕ್ಕಾಲು ಪಾಲು ಹೋಗಿದೆ.

ಇವತ್ತು ಮತ್ತೆ ಕೆಟ್ಟ ದಿನ. ಅದೇ ಪೇಸ್, 14 ಕಿ.ಮೀ. ಅಷ್ಟೇ, ಹಾರ್ಟ್ ರೇಟ್ 165. ಸೆಕೆ ವಿಪರೀತ ಇತ್ತು. ಮೊದಲಿನ ಜಾಗಕ್ಕೇ ವಾಪಸ್ ಬಂದೆನಾ?

ಗಡಿಯಾರ_ನೋಡಿ:

ಖಂಡಿತ ಇಲ್ಲ. ಸೆಕೆಯಲ್ಲಿ ರಕ್ತದ ಒಂದು ಪಾಲು ಮೈ ತಣಿಸಲು ಚರ್ಮಕ್ಕೆ ಹೋಗುತ್ತದೆ. ಬೆವರಿನಿಂದ ರಕ್ತದ ನೀರಿನ ಅಂಶವೂ ಇಳಿಯುತ್ತದೆ. ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತ ಕಡಿಮೆಯಾದಾಗ ಹೃದಯ ಬಡಿತದ ಸಂಖ್ಯೆ ಹೆಚ್ಚಿಸುತ್ತದೆ. ಪೇಸ್ ಒಂದೇ ಇದ್ದರೂ ಕೆಲಸ ಜಾಸ್ತಿ. ಅಂಥ ದಿನ ಪೇಸ್ ನೋಡಬೇಡಿ, ಉಸಿರು ನೋಡಿ ಓಡಿ. 7:45 ಆದರೆ ಆಗಲಿ. ಒಂದೇ ಓಟ ಇಟ್ಟುಕೊಂಡು ತಯಾರಿಯನ್ನು ಅಳೆಯಬೇಡಿ.

ಹೊಸಹೆಜ್ಜೆ, ಮತ್ತೆ ಎರಡು ವಾರಕ್ಕೆ:

ಜ್ವರ ಬಂದು ಒಂದು ವಾರ ಹೋಯಿತು. 18 ಕಿ.ಮೀ. ಓಟವೇ ತಪ್ಪಿತು. ರೇಸ್‌ಗೆ ಎರಡೇ ವಾರ ಇದೆ. ಈ ಭಾನುವಾರ 18 ಓಡಿಬಿಡಲಾ? ಇನ್ನೊಂದು, ಶಿನ್ ಈಗ ನೋಯುತ್ತಿಲ್ಲ, ಆದರೂ ರೇಸ್ ದಿನ ಮುಂಜಾಗ್ರತೆಗೆ ನೋವಿನ ಮಾತ್ರೆ ತೆಗೆದುಕೊಂಡರೆ ಹೇಗೆ?

ಕೊನೆಯ_ಕಿಮೀ:

18 ಬೇಡ. ತಪ್ಪಿದ ಓಟವನ್ನು ತುಂಬಲು ಹೋಗಬೇಡಿ. ಒಂದು ವಾರ ಬಿಟ್ಟರೆ ದಮ್ಮು ಹೋಗುವುದು ಬಹಳ ಕಡಿಮೆ. ಬೆಳಿಗ್ಗೆ ಎದ್ದಾಗಿನ ನಾಡಿ ಮೊದಲಿನ ಮಟ್ಟಕ್ಕೆ ಬಂದಿದ್ದರೆ 20, 30 ನಿಮಿಷದ ಈಸಿ ರನ್‌ನಿಂದ ಶುರು ಮಾಡಿ. ಇನ್ನೂ ಸುಸ್ತು ಇದ್ದರೆ ಕಾಯಿರಿ. ವೈರಸ್ ಜ್ವರದ ನಂತರ ಹೃದಯದ ಸ್ನಾಯುವಿಗೆ ಊತ ಬರುವುದುಂಟು, ಅದು ಅಪರೂಪ, ಆದರೆ ಬಂದರೆ ಅಪಾಯ. ಚೆನ್ನಾಗಿದ್ದರೆ ಭಾನುವಾರ 12 ಕಿ.ಮೀ. ಆರಾಮವಾಗಿ. ರೇಸ್ ವಾರದಲ್ಲಿ ದೂರ ಅರ್ಧ ಮಾಡಿ, ರೇಸ್ ಪೇಸ್‌ನಲ್ಲಿ ಒಂದೆರಡು ಕಿ.ಮೀ. ಮಾತ್ರ ಇರಲಿ.

2:12 ಈ ಸಲ ಮರೆತುಬಿಡಿ. 2:20 ಅಂದರೆ ಕಿ.ಮೀ.ಗೆ 6:38. ಮೊದಲ 5 ಕಿ.ಮೀ. 6:45ರಲ್ಲಿ ಹೋಗಿ. ಆ ಹೊತ್ತಿಗೆ ತುಂಬಾ ಸುಲಭ ಅನ್ನಿಸುತ್ತದೆ, ಆದರೂ ತಡೆದುಕೊಳ್ಳಿ. 16ರವರೆಗೆ 6:35ರ ಆಸುಪಾಸು. ಆಮೇಲೆ ಉಳಿದದ್ದನ್ನೆಲ್ಲ ಹಾಕಿ. 40 ನಿಮಿಷಕ್ಕೊಂದು ಎನರ್ಜಿ ಜೆಲ್ (ಓಡುತ್ತಾ ತಿನ್ನುವ ಸಕ್ಕರೆಯ ಲೇಹ), ನೀರಿನ ಜೊತೆ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ ಸಾಕು. ಯಾವ ಜೆಲ್ ಅನ್ನುವುದನ್ನು ಈ ಭಾನುವಾರವೇ ತಿಂದು ನೋಡಿ, ಹೊಟ್ಟೆಗೆ ಆಗದಿದ್ದರೆ ಬದಲಿಸಲು ಇನ್ನೂ ಸಮಯ ಇದೆ. ನೀರು ಬಾಯಾರಿದಷ್ಟು. ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ.

ಹಿಮ್ಮಡಿ:

ಮಾತ್ರೆ ಬೇಡವೇ ಬೇಡ. ಐಬುಪ್ರೊಫೆನ್ ಥರದವು ಮೂತ್ರಪಿಂಡಕ್ಕೆ ಹೋಗುವ ರಕ್ತ ಕಡಿಮೆ ಮಾಡುತ್ತವೆ. ಎರಡು ಗಂಟೆ ಬೆವರು ಸುರಿಸಿ ಓಡುವಾಗ ಮೂತ್ರಪಿಂಡಕ್ಕೆ ಮೊದಲೇ ರಕ್ತ ಕಡಿಮೆ ಇರುತ್ತದೆ. ಅದಲ್ಲದೆ, ನೋವು ಒಂದು ಬಿಂದುವಿಗೆ ಬಂತು ಅನ್ನುವುದು ನಿಮಗೆ ಗೊತ್ತಾಗಬೇಕು, ಮಾತ್ರೆ ಅದನ್ನೇ ಮುಚ್ಚಿಬಿಡುತ್ತದೆ. ಹಾಗೇನಾದರೂ ಆದರೆ 8ನೇ ಕಿ.ಮೀ. ಆಗಲಿ, 20ನೇದಾಗಲಿ, ಅಲ್ಲೇ ನಿಲ್ಲಿ.